ನಾಯಿಯ ಮೂತ್ರದಲ್ಲಿ ರಕ್ತ: ಗಡ್ಡೆಯನ್ನು ಗುರುತಿಸುವುದು, ಚಿಕಿತ್ಸೆ ಮಾಡಿಸುವುದು



ಎತ್ತಿಗೆ, ಎಮ್ಮೆಗೆ ಬೇನೆ ಬಂದರೆ ಕೂಡಲೇ ಪಶುವೈದ್ಯರನ್ನು ಕರೆಯುವವರು ನಾಯಿಯ ವಿಷಯದಲ್ಲಿ ಅಷ್ಟು ಅವಸರ ಮಾಡುವುದಿಲ್ಲ. ಆದರೆ ರಾತ್ರಿ ಕುರಿಹಟ್ಟಿಯನ್ನೂ ಕಣವನ್ನೂ ಕಾಯುವುದು ಅದೇ ನಾಯಿ. ಅದು ಕೆಂಪಗೆ ಉಚ್ಚೆ ಹೊಯ್ದರೆ ಉಷ್ಣವೆಂದು ಮಜ್ಜಿಗೆ ಕುಡಿಸುತ್ತಾರೆ. ನಿಲ್ಲದಿದ್ದರೆ ಊರ ಹೊರಗೆ ಬಿಟ್ಟು ಬರುವವರೂ ಉಂಟು. ಹೀಗೆ ಕೈಬಿಡುವ ರೋಗಗಳಲ್ಲಿ ಒಂದು, ಪೂರ್ತಿ ಗುಣವಾಗುವಂಥದು.

ಮೊದಲು ನೋಡಬೇಕಾದುದು ಇಷ್ಟು: ರಕ್ತವು ಮೂತ್ರದೊಡನೆ ಬರುತ್ತದೆಯೋ, ಮೂತ್ರ ಮಾಡದಾಗಲೂ ತೊಟ್ಟಿಕ್ಕುತ್ತದೆಯೋ? ಮಲಗಿದ ಜಾಗದಲ್ಲಿ ರಕ್ತದ ಹನಿ ಬಿದ್ದಿದ್ದು, ನಾಯಿ ಜನನಾಂಗವನ್ನು ಸದಾ ನೆಕ್ಕುತ್ತಿದ್ದರೆ, ಹೂಕೋಸಿನಂಥ ಕೆಂಪು ದುರ್ಮಾಂಸ ಬೆಳೆದಿರಬಹುದು. ಹೆಣ್ಣು ಬೆದೆಗೆ ಬಂದಾಗಲೂ ಹನಿಯುತ್ತದೆ. ಅದು ಕೆಲವು ವಾರಗಳಲ್ಲಿ ನಿಲ್ಲುತ್ತದೆ, ಗಡ್ಡೆಯ ರಕ್ತ ನಿಲ್ಲುವುದಿಲ್ಲ.

ಬೀದಿನಾಯಿಗಳಲ್ಲಿ ಹೆಚ್ಚಾಗಿ ಕಾಣುವ ಗಡ್ಡೆ ಇದೇ. ವಿಚಿತ್ರವೆಂದರೆ ಇದನ್ನು ಹರಡುವುದು ಕ್ರಿಮಿಯಲ್ಲ. ಗಡ್ಡೆಯ ಜೀವಕೋಶವೇ ಕೂಡುವಾಗ, ನೆಕ್ಕುವಾಗ ಇನ್ನೊಂದು ನಾಯಿಗೆ ನಾಟಿಯಾಗುತ್ತದೆ. 1876ರಲ್ಲೇ ರಷ್ಯದ ಪಶುವೈದ್ಯ ನೋವಿನ್ಸ್ಕಿ ಇದನ್ನು ನಾಯಿಯಿಂದ ನಾಯಿಗೆ ದಾಟಿಸಿ ತೋರಿಸಿದ್ದರು. ಎಲ್ಲಮ್ಮನ ಗುಡ್ಡದ ಜಾತ್ರೆಯ ದಿನಗಳಲ್ಲಿ ಎಸೆದ ಅನ್ನಕ್ಕೆ ನಾಯಿಗಳು ಗುಂಪುಗೂಡುವ ಉಗರಗೋಳದಂಥ ಊರಿನಲ್ಲಿ, ಬೆದೆಯ ನಾಯಿಯನ್ನು ಕಟ್ಟಿಹಾಕುವುದು ಲೇಸು. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಇನ್ನೂ ನಿಶ್ಚಿಂತೆ. ಮನುಷ್ಯರಿಗೆ ಇದು ಅಂಟುವುದಿಲ್ಲ.

ವೈದ್ಯರು ಗಡ್ಡೆಗೆ ಗಾಜಿನ ಪಟ್ಟಿ ಒತ್ತಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಇದನ್ನು ಗುರುತಿಸುತ್ತಾರೆ. ವಿನ್‌ಕ್ರಿಸ್ಟಿನ್ ಎಂಬ ಔಷಧಿಯನ್ನು ವಾರಕ್ಕೊಮ್ಮೆ ರಕ್ತನಾಳದಲ್ಲಿ ಕೊಟ್ಟರೆ ಸಾಮಾನ್ಯವಾಗಿ 4ರಿಂದ 6 ವಾರಗಳಲ್ಲಿ ಗಡ್ಡೆ ಕರಗಿಹೋಗುತ್ತದೆ. ಎರಡು ಸೂಜಿಗೆ ರಕ್ತ ನಿಂತಿತೆಂದು ನಡುವೆ ಬಿಡಬಾರದು. ಉಳಿದ ಗಡ್ಡೆ ಮತ್ತೆ ಬೆಳೆಯುತ್ತದೆ. ಈ ಔಷಧಿ ರಕ್ತನಾಳದಿಂದ ಹೊರಗೆ ಸೋರಿದರೆ ಮಾಂಸ ಕೊಳೆಯುತ್ತದೆ, ರಕ್ತದ ಬಿಳಿಕಣವನ್ನೂ ಇಳಿಸುತ್ತದೆ. ಆದ್ದರಿಂದ ಇದು ವೈದ್ಯರ ಕೈಯಲ್ಲೇ ಆಗಬೇಕಾದ ಕೆಲಸ. ಸೂಜಿ ಹಾಕಿಸಿದ ಮೇಲೆ ಕೆಲವು ದಿನ ನಾಯಿಯ ಮಲಮೂತ್ರವನ್ನು ಬರಿಗೈಯಲ್ಲಿ ಮುಟ್ಟಬಾರದು, ಗರ್ಭಿಣಿಯರು ದೂರವಿರಬೇಕು.

ರಕ್ತವು ಮೂತ್ರದಲ್ಲೇ ಬೆರೆತು ಬಂದರೆ ಮಾತು ಬೇರೆ. ಗಾಜಿನ ಲೋಟದಲ್ಲಿ ಹಿಡಿದು ಕೆಲವು ತಾಸು ಅಲುಗಿಸದೆ ಇಡಿರಿ. ಕೆಂಪು ತಳಕ್ಕೆ ಇಳಿದು ಮೇಲೆ ತಿಳಿಯಾದರೆ ಅದು ರಕ್ತ. ಕಲ್ಲು, ಸೋಂಕು, ಗಡ್ಡೆ ಯಾವುದಾದರೂ ಇರಬಹುದು. ಇಳಿಯದೆ ಕಾಫಿ ಬಣ್ಣದಲ್ಲೇ ಉಳಿದು, ಜ್ವರವಿದ್ದು, ಒಸಡು ಬಿಳಚಿದ್ದರೆ ಉಣ್ಣೆಯಿಂದ ಬರುವ ಜ್ವರವಿರಬಹುದು; ಆಗ ಒಂದು ದಿನವೂ ತಡಮಾಡಬಾರದು. ಇಲಿಜ್ವರವೂ ಇರಬಹುದಾದ್ದರಿಂದ ಈ ಮೂತ್ರವನ್ನು ಬರಿಗೈಯಲ್ಲಿ ಮುಟ್ಟಬೇಡಿರಿ.

ಮೂತ್ರಕೋಶದ ಗಡ್ಡೆ ವಯಸ್ಸಾದ ನಾಯಿಗೆ, ಅದರಲ್ಲೂ ಹೆಣ್ಣಿಗೆ ಹೆಚ್ಚು. ಪದೇಪದೇ ಕುಳಿತು ತಿಣುಕುತ್ತದೆ, ಬರುವುದು ನಾಲ್ಕೇ ಹನಿ. ಸೋಂಕಿನ ಔಷಧಿಯಿಂದ ವಾರವೆರಡು ವಾರ ಹಗುರಾಗಿ ಮತ್ತೆ ಮರುಕಳಿಸುತ್ತದೆ. ಹೀಗೆ ಎರಡನೆಯ ಸಲ ಮರುಕಳಿಸಿದರೆ ಅದೇ ಮಾತ್ರೆಯನ್ನು ಮುಂದುವರಿಸದೆ ಸ್ಕ್ಯಾನ್ ಮಾಡಿಸಬೇಕು. ಗಡ್ಡೆಯ ಸಂಶಯವಿದ್ದಾಗ ಹೊಟ್ಟೆಗೆ ಸೂಜಿ ಚುಚ್ಚಿ ಮೂತ್ರ ತೆಗೆಯುವುದು ಸಲ್ಲದು; ಸೂಜಿಯ ದಾರಿಯಲ್ಲೇ ಗಡ್ಡೆ ಬೀಜ ಬಿತ್ತಿದಂತಾಗುತ್ತದೆ. ಸಾಮಾನ್ಯವಾಗಿ ಇದು ಮೂತ್ರಕೋಶದ ಕುತ್ತಿಗೆಯ ಬಳಿ ಹಬ್ಬಿರುವುದರಿಂದ ಕೊಯ್ದು ತೆಗೆಯುವುದು ಕಷ್ಟ. ಪೈರಾಕ್ಸಿಕ್ಯಾಂ ಮಾತ್ರೆಯಿಂದ ಕೆಲವು ನಾಯಿಗಳು ಹಲವು ತಿಂಗಳು ನೆಮ್ಮದಿಯಾಗಿ ಬದುಕುತ್ತವೆ, ಆದರೆ ಗುಣವಾಗುವುದು ಅಪರೂಪ. ಪ್ರಮಾಣವನ್ನು ತೂಕ ನೋಡಿ ವೈದ್ಯರೇ ನಿಶ್ಚಯಿಸಬೇಕು. ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೋಫಿನಾಕ್ ಮಾತ್ರೆ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗಿ, ಮೂತ್ರಪಿಂಡ ಕೆಟ್ಟು ನಾಯಿ ಸಾಯಬಹುದು.

2004ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಸ್ಕಾಟಿಷ್ ಟೆರಿಯರ್ ನಾಯಿಗಳನ್ನು ಪರಿಶೀಲಿಸಿ, 2,4-ಡಿ ಗುಂಪಿನ ಕಳೆನಾಶಕ ಹೊಡೆದ ಹುಲ್ಲಿನ ಮೇಲೆ ಓಡಾಡಿದವುಗಳಲ್ಲಿ ಈ ಗಡ್ಡೆ ಹೆಚ್ಚೆಂದು ಕಂಡರು. ಅದು ಒಂದೇ ತಳಿಯ ಮಾತು. ಆದರೂ ಜೋಳಕ್ಕೆ, ಕಬ್ಬಿಗೆ ಅದೇ ಔಷಧಿ ಹೊಡೆಯುವವರು ಆ ದಿನ ನಾಯಿಯನ್ನು ಹೊಲಕ್ಕೆ ಒಯ್ಯದಿದ್ದರೆ ಒಳ್ಳೆಯದು.

ಆಸ್ಪತ್ರೆಗೆ ಹೋಗುವಾಗ ಬೆಳಗಿನ ಮೂತ್ರವನ್ನು ಸ್ವಚ್ಛ ಬಾಟಲಿಯಲ್ಲಿ ಹಿಡಿದು ಒಯ್ಯಿರಿ. ಸ್ಕ್ಯಾನ್ ಇದ್ದರೆ ಮೂತ್ರಕೋಶ ತುಂಬಿರಬೇಕು; ದಾರಿಯಲ್ಲಿ ನಾಯಿಯನ್ನು ಗಿಡದ ಬಳಿ ನಿಲ್ಲಗೊಡಬೇಡಿರಿ. ಆದರೆ ಅರ್ಧ ದಿನದಿಂದ ಒಂದು ಹನಿಯೂ ಬಾರದೆ ಒದ್ದಾಡುತ್ತಿದ್ದರೆ ಸ್ಕ್ಯಾನಿಗೆ ಕಾಯದೆ ಕೂಡಲೇ ಹತ್ತಿರದ ವೈದ್ಯರಲ್ಲಿಗೆ ಒಯ್ಯಿರಿ.