ಪಕ್ಕದ ಬೆಂಚಿನ ಹಕ್ಕು



ಬೆಳಗಿನ ಪ್ರಾರ್ಥನೆಯೊಡನೆ ಸಂವಿಧಾನದ ಪೀಠಿಕೆಯನ್ನೂ ಓದಿಸುವ ಕ್ರಮ 2023ರಲ್ಲಿ ನಮ್ಮ ರಾಜ್ಯದ ಶಾಲೆಗಳಿಗೆ ಬಂದಿತು. ಒಳ್ಳೆಯದೇ. ಆದರೆ ಮಡಿಕೇರಿಗೂ ಕುಶಾಲನಗರಕ್ಕೂ ನಡುವಣ ಸುಂಟಿಕೊಪ್ಪದಂಥ ಊರಿನಲ್ಲಿ, ಅಂಗಡಿಯವರ ಮಗುವೂ ಕಾಫಿ ತೋಟದ ಲೈನ್‌ಮನೆಯ ಮಗುವೂ ಜೊತೆಯಾಗಿ ಕುಳಿತಿರುವಲ್ಲಿ, ಸಮಾನತೆಯೆಂಬ ಪದವನ್ನು ಬಾಯಿಪಾಠ ಮಾಡಿಸುವುದು ಸುಲಭ. ಅದನ್ನು ಕಣ್ಣಿಗೆ ಕಾಣಿಸುವುದು ಕಷ್ಟ.

ಕಾಣಿಸಲು ದೆಹಲಿಯವರೆಗೆ ಹೋಗಬೇಕಾಗಿಲ್ಲ. 1950ರಿಂದ 1956ರವರೆಗೆ ಕೊಡಗು ತಾನೇ ಒಂದು ರಾಜ್ಯವಾಗಿತ್ತು. ಸಂವಿಧಾನ ರಚನಾ ಸಭೆಯಲ್ಲಿ ಈ ಪುಟ್ಟ ನಾಡನ್ನು ಪ್ರತಿನಿಧಿಸಿದ್ದ ಸಿ. ಎಂ. ಪೂಣಚ್ಚನವರೇ 1952ರಲ್ಲಿ ಅದರ ಮುಖ್ಯಮಂತ್ರಿಯಾದರು. ಆ ವರ್ಷ 24 ಸ್ಥಾನಗಳ ವಿಧಾನಸಭೆಗೆ ಚುನಾವಣೆ ನಡೆದಾಗ ತೋಟದ ಧಣಿಯ ಮತಕ್ಕೂ ಆಳಿನ ಮತಕ್ಕೂ ಒಂದೇ ಬೆಲೆ. ಕೊಡಗು ಮೈಸೂರಿನೊಡನೆ ಸೇರಬೇಕೆ, ಬೇಡವೆ ಎಂಬ ಬಿಸಿಯಾದ ವಾದವೂ ಮತಪೆಟ್ಟಿಗೆಯ ಮುಂದೆಯೇ ನಡೆಯಿತು. 1956ರ ನವೆಂಬರ್ 1ರಂದು ಕೊಡಗು ಕಾನೂನಿನ ಮೂಲಕ ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು. ಅಜ್ಜ ಅಜ್ಜಿಯರ ಬಾಯಿಂದಲೇ ಮಕ್ಕಳು ಕೇಳಿ ತಿಳಿಯಬಹುದಾದ ಸಂವಿಧಾನದ ಪಾಠ ಇದು.

ಆದರೆ ಮತ ಹಾಕುವ ವಯಸ್ಸಿಗೆ ಬಾರದ ಮಗುವಿನ ಹಕ್ಕು ಎಲ್ಲಿದೆ? ಅದು ಕುಳಿತ ಬೆಂಚಿನಲ್ಲಿದೆ. 2002ರ ತಿದ್ದುಪಡಿಯಿಂದ ಸೇರಿದ 21ಎ ವಿಧಿಯು 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ, ವಯಸ್ಸಿನ ದಾಖಲೆಯಿಲ್ಲವೆಂದು ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ. ಕೊಡಗಿನ ತೋಟಗಳಿಗೆ ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದ ದುಡಿಯಲು ಬಂದವರ ಮಗುವಿಗೆ ಕನ್ನಡ ಬಾರದಿರಬಹುದು, ಕೈಯಲ್ಲಿ ಕಾಗದಪತ್ರವಿಲ್ಲದಿರಬಹುದು. ಹಕ್ಕಂತೂ ಇದ್ದೇ ಇದೆ.

ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ ಒಂದು ಬೆಂಚು ಬರಿದಾಯಿತೆನ್ನಿ. ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತು ಹಾಕಿ ಉಪಾಧ್ಯಾಯರು ಪಾಠ ಮುಂದುವರಿಸಬಹುದು. ಇಲ್ಲವೆ, 'ಅವನೇಕೆ ಬಂದಿಲ್ಲ?' ಎಂದು ಸಹಪಾಠಿಗಳೇ ಕೇಳುವಂತೆ ಮಾಡಬಹುದು. ಈ ಪ್ರಶ್ನೆ ಎಲ್ಲರಿಗೂ ಹಿತವಾಗದು. ಮಗುವಿನ ಕೂಲಿಯನ್ನು ನೆಚ್ಚಿದ ಮನೆಗೂ, ಆಳು ಸಿಗದೆ ಪರದಾಡುವ ತೋಟಕ್ಕೂ ಅದು ಇರಿಸುಮುರಿಸು ತರುತ್ತದೆ. ಪೌರನೀತಿ ಮಿಕ್ಕ ಪಾಠಗಳಿಗಿಂತ ಕಠಿಣವಾಗುವುದು ಇಲ್ಲಿಯೇ. ವಿಧಿಗಳ ಸಂಖ್ಯೆಯನ್ನು ಪರೀಕ್ಷೆಯಲ್ಲಿ ಬರೆದರೆ ಅಂಕ ಬರುತ್ತದೆ. ಈ ಪ್ರಶ್ನೆ ಕೇಳಿದ್ದಕ್ಕೆ ಅಂಕ ಕೊಡುವವರಿಲ್ಲ.

ತನ್ನ ಹಕ್ಕನ್ನು ಮಾತ್ರ ಕಲಿತ ಮಗು ಕೇಳಿ ಪಡೆಯುವುದನ್ನು ಕಲಿತೀತು. ಪಕ್ಕದ ಬೆಂಚಿನವನ ಹಕ್ಕಿಗಾಗಿ ದನಿಯೆತ್ತಲು ಕಲಿತ ಮಗು ನಾಳೆ ಊರಿಗೆ ಆಸರೆಯಾಗುತ್ತದೆ. ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆ ನಮ್ಮಲ್ಲಿ ಇದ್ದೇ ಇದೆ. ಬರಿದಾದ ಬೆಂಚಿನ ಪ್ರಶ್ನೆಯನ್ನು ಮಕ್ಕಳು ಅಲ್ಲಿಗೆ ಒಯ್ಯಲಿ. ಉತ್ತರ ಕೊಡಬೇಕಾದವರು ದೊಡ್ಡವರಾದ ನಾವು.