ಹಳ್ಳಿಕಾರ್ ರಾಸುಗಳ ಮೈಬಣ್ಣ ಮತ್ತು ತಳಿ ದಾಖಲಾತಿ

(ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯಿತಿಯ ಕಡತಗಳಲ್ಲಿ ಮನೆಗೆ, ನಿವೇಶನಕ್ಕೆ, ನಲ್ಲಿಗೆ, ಬೀದಿದೀಪಕ್ಕೆ ಲೆಕ್ಕವಿದೆ. ಕೊಟ್ಟಿಗೆಯಲ್ಲಿ ಕಟ್ಟಿರುವ ರಾಸುವಿನ ತಳಿಯನ್ನು ದಾಖಲಿಸುವ ಹೊಣೆಯೂ ಪಂಚಾಯಿತಿಗೆ ಸೇರಿದ್ದು ಎಂಬ ವಿಷಯ ಸಭೆಗಳಲ್ಲಿ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. 2002ರ ಜೀವವೈವಿಧ್ಯ ಅಧಿನಿಯಮದಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸತಕ್ಕದ್ದು. ಆ ಸಮಿತಿ ಸಿದ್ಧಪಡಿಸುವ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಕಾಡಿನ ಗಿಡಮೂಲಿಕೆಗಳ ಜೊತೆಗೆ ಊರಿನ ಸಾಕುಪ್ರಾಣಿಗಳ ತಳಿಗಳಿಗೂ ಸ್ಥಾನವಿದೆ. 2024ರ ಅಕ್ಟೋಬರ್‌ನಲ್ಲಿ ಆರಂಭವಾದ 21ನೇ ಜಾನುವಾರು ಗಣತಿಯಲ್ಲಿಯೂ ತಳಿವಾರು ವಿವರಕ್ಕೆ ಕಲಂ ಇದೆ. ಕಿವಿಗೆ ಹಾಕುವ 12 ಅಂಕಿಗಳ ಬಿಲ್ಲೆಯ ದಾಖಲೆಯಲ್ಲಿಯೂ ತಳಿಯ ಹೆಸರನ್ನು ಕೇಳಲಾಗುತ್ತದೆ. ಈ ಕಲಂಗಳಲ್ಲಿ 'ಹಳ್ಳಿಕಾರ್' ಎಂದು ಬರೆಯಬೇಕೋ, 'ತಳಿ ಗುರುತಿಲ್ಲದ ನಾಟಿ' ಎಂದು ಬರೆಯಬೇಕೋ ಎಂಬ ಪ್ರಶ್ನೆ ಬಂದಾಗ ಮೊದಲು ಕಣ್ಣಿಗೆ ಬೀಳುವುದು ಮೈಬಣ್ಣ. ತಪ್ಪು ಹೆಚ್ಚಾಗಿ ನಡೆಯುವುದೂ ಅಲ್ಲಿಯೇ.

ಈ ನಾಲ್ಕು ತಾಲ್ಲೂಕುಗಳಿಗೂ ಉಳುವ ಎತ್ತಿಗೂ ಇರುವ ನಂಟು ಹಳೆಯದು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಟಿಪ್ಪು ಸುಲ್ತಾನ್ ಅಮೃತಮಹಲ್ ಎಂದು ಕರೆದನು. 1799ರ ನಂತರ ಅದು ಬ್ರಿಟಿಷರ ಸೇನಾ ಸಾಗಣೆಗೆ ಒದಗಿತು. ಹುಣಸೂರು ಆ ಕಾಲದಲ್ಲಿ ಸೇನೆಯ ಸರಬರಾಜು ಕೇಂದ್ರವಾಗಿದ್ದ ಊರು. ಮಿತವ್ಯಯದ ಹೆಸರಿನಲ್ಲಿ 1860ರಲ್ಲಿ ಅಮೃತಮಹಲ್ ಹಿಂಡನ್ನು ಮಾರಿ ಚದುರಿಸಲಾಯಿತು. ಆದ ನಷ್ಟ ಅರಿವಾದ ಮೇಲೆ 1866ರಲ್ಲಿ ಅದನ್ನು ಮತ್ತೆ ಕಟ್ಟಬೇಕಾಯಿತು. ಮಾರುವುದಕ್ಕೆ ಒಂದು ಆದೇಶ ಸಾಕಾಯಿತು, ಕಟ್ಟುವುದಕ್ಕೆ ವರ್ಷಗಳು ಬೇಕಾದವು. ಅಮೃತಮಹಲ್ ತಳಿಯ ಮೂಲದಲ್ಲಿ ಹಳ್ಳಿಕಾರ್ ರಕ್ತವಿದೆ. ಇಂದಿಗೂ ಸಂಕ್ರಾಂತಿಯ ಆಸುಪಾಸಿನಲ್ಲಿ ಚುಂಚನಕಟ್ಟೆಯಲ್ಲಿ ನೆರೆಯುವ ದನಗಳ ಜಾತ್ರೆಗೆ ಹಳ್ಳಿಕಾರ್ ಜೋಡಿಗಳೇ ಕಳೆ.

ಹಳ್ಳಿಕಾರ್ ತಳಿಯ ಬಣ್ಣ ಬೂದು. ತಿಳಿ ಬೂದಿನಿಂದ ಕಡು ಬೂದಿನವರೆಗೆ ಇರಬಹುದು. ಮುಂಭುಜ ಮತ್ತು ಹಿಂದೊಡೆಗಳ ಮೇಲೆ ಬಣ್ಣ ದಟ್ಟವಾಗುತ್ತದೆ. ಮುಖ, ಗಂಗೆದೊಗಲು ಮತ್ತು ಹೊಟ್ಟೆಯ ಕೆಳಭಾಗದಲ್ಲಿ ತಿಳಿಯಾದ ಪಟ್ಟೆಗಳು ಕಾಣುವುದುಂಟು. ಬಾಲದ ಕುಚ್ಚು ಕಪ್ಪು. ಇಷ್ಟನ್ನು ಓದಿಕೊಂಡ ಗಣತಿದಾರರು ಕೊಟ್ಟಿಗೆಗೆ ಹೋದರೆ ಅಲ್ಲಿ ಹೋರಿಯೊಂದು ಬಹುತೇಕ ಕಪ್ಪಗಿರುತ್ತದೆ, ಹಸುವೊಂದು ಬಹುತೇಕ ಬೆಳ್ಳಗಿರುತ್ತದೆ. ಎರಡೂ ಹಳ್ಳಿಕಾರ್ ಆಗಿರಬಹುದು. ಬೂದುಬಣ್ಣದ ನಾಡತಳಿಗಳಲ್ಲಿ ಹೋರಿಯ ಬಣ್ಣ ದಟ್ಟವಾಗಿರುತ್ತದೆ. ಬೀಜ ಒಡೆಸಿದ ಎತ್ತಿನ ಬಣ್ಣ ತಿಳಿಯಾಗುತ್ತದೆ. ಹಸು ಇನ್ನೂ ತಿಳಿ. ಗಂಡು ರಸದೂತದ ಪ್ರಭಾವ ಮೈಬಣ್ಣದ ಮೇಲೆ ಇರುವುದೇ ಇದಕ್ಕೆ ಕಾರಣ. ಕರುವಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ತಮಿಳುನಾಡಿನ ಕಂಗಾಯಂ ಕರುಗಳು ಕೆಂಪಾಗಿ ಹುಟ್ಟಿ ಆರು ತಿಂಗಳ ಹೊತ್ತಿಗೆ ಬೂದಾಗುತ್ತವೆ. ಗುಜರಾತಿನ ಕಾಂಕ್ರೇಜ್ ಕರುವಿನ ನೆತ್ತಿಯ ಕೆಂಪು ಕೂಡ ಹೀಗೆಯೇ ಮಾಸುತ್ತದೆ. ಆದ್ದರಿಂದ ಹಾಲು ಕುಡಿಯುವ ಕರುವಿನ ಮೈಯಲ್ಲಿ ಕೆಂಚು ಕಂಡಿತೆಂದು ಅದನ್ನು ತಳಿಯಿಂದ ಹೊರಗಿಡುವುದು ಅವಸರದ ತೀರ್ಮಾನವಾದೀತು.

ಬಣ್ಣದ ನಿಯಮವನ್ನು ಕಟ್ಟುನಿಟ್ಟಾಗಿ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಹೊರದೇಶದ ಒಂದು ನಿದರ್ಶನವಿದೆ. ಸ್ಕಾಟ್ಲೆಂಡ್ ಮೂಲದ ಆಂಗಸ್ ಮಾಂಸಕ್ಕಾಗಿ ಸಾಕುವ ತಳಿ. ಇಲ್ಲಿಯ ರಾಸು ನೇಗಿಲು ಮತ್ತು ಗಾಡಿಗಾಗಿ ಬೆಳೆದದ್ದು. ಉದ್ದೇಶ ಬೇರೆಯಾದರೂ ದಾಖಲಾತಿಯ ತೊಡಕು ಒಂದೇ. ಆಂಗಸ್‌ನಲ್ಲಿ ಕಪ್ಪು ಪ್ರಬಲ ಗುಣ, ಕೆಂಪು ಅಡಗಿರುವ ಗುಣ. ಕೆಂಪಿನ ವಂಶವಾಹಿಯನ್ನು ಹೊತ್ತ ಎರಡು ಕಪ್ಪು ರಾಸುಗಳು ಕೂಡಿದರೆ ನಾಲ್ಕರಲ್ಲಿ ಒಂದು ಕರು ಕೆಂಪಾಗುವ ಸಂಭವವಿದೆ. ಅದರ ತಂದೆತಾಯಿ ಎರಡೂ ಶುದ್ಧ ತಳಿಯವೇ. ಆದರೂ ಅಮೆರಿಕದ ಆಂಗಸ್ ಸಂಘವು 1917ರಲ್ಲಿ ಕೆಂಪು ಕರುಗಳ ನೋಂದಣಿಯನ್ನು ನಿಲ್ಲಿಸಿತು. ಹೊರಬಿದ್ದ ಕೆಂಪು ರಾಸುಗಳನ್ನು ಸಾಕುತ್ತಿದ್ದವರು 1954ರಲ್ಲಿ ತಮ್ಮದೇ ರೆಡ್ ಆಂಗಸ್ ಸಂಘವನ್ನು ಕಟ್ಟಿಕೊಂಡರು. ನೆರೆಯ ಕೆನಡಾದಲ್ಲಿ ಕಪ್ಪು, ಕೆಂಪು ಎರಡಕ್ಕೂ ಒಂದೇ ದಾಖಲೆಪುಸ್ತಕ. ಅಲ್ಲಿ ಸಂಘ ಕಟ್ಟುವ ಶಕ್ತಿ ಸಾಕುವವರಿಗಿತ್ತು. ಹಾರನಹಳ್ಳಿ ಹೋಬಳಿಯಲ್ಲಿಯೋ ಹಂಪಾಪುರ ಹೋಬಳಿಯಲ್ಲಿಯೋ ಒಂದೇ ಹಸು ಸಾಕಿದ ರೈತನಿಗೆ ಅಂತಹ ದಾರಿಯಿಲ್ಲ. ಅವನ ಹಸು 'ನಾಟಿ' ಎಂದು ದಾಖಲಾದರೆ ಆ ಊರಿನಲ್ಲಿ ಹಳ್ಳಿಕಾರ್ ಇಲ್ಲವೆಂದೇ ಲೆಕ್ಕ. ಲೆಕ್ಕದಲ್ಲಿ ಇಲ್ಲದ ತಳಿಗೆ ಬೀಜದ ಹೋರಿಯನ್ನಾಗಲಿ ವೀರ್ಯನಳಿಕೆಯನ್ನಾಗಲಿ ಕೇಳುವುದು ಹೇಗೆ?

ಇದರ ವಿರುದ್ಧ ದಿಕ್ಕಿನ ತಪ್ಪೂ ಉಂಟು, ಮತ್ತು ಅದು ಹೆಚ್ಚು ಅಪಾಯಕರ. ಹಳ್ಳಿಕಾರ್ ಹಸುವಿಗೆ ಎಚ್.ಎಫ್. ವೀರ್ಯ ಕೊಡಿಸಿದರೆ ಹುಟ್ಟುವ ಕರು ಬಹುತೇಕ ಕಪ್ಪು, ಗುರುತಿಸುವುದು ಸುಲಭ. ಆದರೆ ಆ ಮಿಶ್ರತಳಿಯ ಸಂತತಿಯನ್ನು ಮತ್ತೆ ಮತ್ತೆ ಹಳ್ಳಿಕಾರ್ ಹೋರಿಗೆ ಕೊಟ್ಟರೆ ಮೈಬಣ್ಣ ಬೂದಿಗೆ ಮರಳಬಹುದು. ಹೊರಗಿನ ರಕ್ತ ಮೊದಲ ತಲೆಮಾರಿನಲ್ಲಿ ಶೇ. 50, ಎರಡನೆಯದರಲ್ಲಿ ಶೇ. 25, ಮೂರನೆಯದರಲ್ಲಿ ಸರಾಸರಿ ಶೇ. 12.5 ಉಳಿದೇ ಇರುತ್ತದೆ. ಬೂದು ಚರ್ಮದೊಳಗೆ ಬೇರೆ ರಕ್ತ! ಖಿಲಾರಿ, ಕೃಷ್ಣಾ ಕಣಿವೆ, ಅಮೃತಮಹಲ್ ತಳಿಗಳ ಬಣ್ಣವೂ ಬೂದು ಮತ್ತು ಬಿಳಿಯ ನಡುವೆಯೇ ಇರುವುದರಿಂದ ಬಣ್ಣವೊಂದರಿಂದ ಅವುಗಳನ್ನು ಹಳ್ಳಿಕಾರ್‌ನಿಂದ ಬೇರ್ಪಡಿಸಲಾಗದು. ಕಣ್ಣು ಬಣ್ಣದಿಂದ ಮೇಲಕ್ಕೆ, ತಲೆಯ ಕಡೆಗೆ ಹೋಗಬೇಕು. ಉದ್ದನೆಯ ಮುಖ, ನಡುವೆ ಗೆರೆ ಇಳಿದ ಉಬ್ಬು ಹಣೆ, ನೆತ್ತಿಯ ಮೇಲೆ ಒಂದರ ಪಕ್ಕ ಒಂದು ಮೂಡಿ ಹಿಂದಕ್ಕೆ ಸಾಗಿ ತುದಿಯಲ್ಲಿ ಮುಂದಕ್ಕೆ ಬಾಗುವ ಚೂಪಾದ ಕೊಂಬು, ಸಣ್ಣ ಕಿವಿ, ಬಿಗಿಯಾದ ಮೈ, ಗಟ್ಟಿ ಗೊರಸು: ಇವೆಲ್ಲ ಒಟ್ಟಿಗೆ ಸಾಕ್ಷಿ ಹೇಳಿದಾಗ ತಳಿಯ ಹೆಸರನ್ನು ಬರೆಯಬಹುದು. ಜಾತ್ರೆಯಲ್ಲಿ ಹಲ್ಲು, ಸುಳಿ, ಕೊಂಬು, ನಡಿಗೆ ನೋಡಿದ ಮೇಲೆಯೇ ಬೆಲೆ ಮಾತಾಡುವ ಹಿರಿಯರಿಗೆ ಇದು ಹೊಸ ಪಾಠವಲ್ಲ. ಅವರು ಒಂದೇ ಬಣ್ಣದ ಜೋಡಿಗೆ ಹೆಚ್ಚು ಹಣ ಕೊಡುವುದು ನಿಜ. ಅದು ಜೋಡಿಯ ಚೆಲುವಿಗೆ ಕೊಟ್ಟ ಬೆಲೆ, ತಳಿಯ ಪ್ರಮಾಣಪತ್ರವಲ್ಲ.

ಬಣ್ಣ ಬೆರೆತಿದ್ದರೆ ತಳಿಯೇ ಅಲ್ಲವೆಂಬ ಭಾವನೆಯೂ ಸರಿಯಲ್ಲ. ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಮಾನ್ಯ ಮಾಡಿರುವ ಮಲೆನಾಡು ಗಿಡ್ಡ ತಳಿಯಲ್ಲಿ ಕಪ್ಪು, ಕಂದು, ಬಿಳಿ ಎಲ್ಲವೂ ಇವೆ. ಬೀದರ್ ಕಡೆಯ ದೇವಣಿಯಲ್ಲಿ ಕಪ್ಪು ಬಿಳುಪಿನ ಹಂಚಿಕೆಗೆ ತಕ್ಕಂತೆ ಬೇರೆ ಬೇರೆ ಹೆಸರುಗಳೇ ಇವೆ. ಈರೋಡ್ ಜಿಲ್ಲೆಯ ಬರಗೂರು ಬೆಟ್ಟಗಳಲ್ಲಿ ಕನ್ನಡ ಮಾತನಾಡುವ ಲಿಂಗಾಯತರು ಸಾಕುತ್ತ ಬಂದಿರುವ ಬರಗೂರು ತಳಿಗೆ ಕಂದು ಮೈಯ ಮೇಲಿನ ಬಿಳಿ ಮಚ್ಚೆಯೇ ಲಕ್ಷಣ. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಗೊಬ್ಬರಕ್ಕಾಗಿ ಸಾಕುವ ಸಣ್ಣ ನಾಡದನಗಳನ್ನು ಹಳ್ಳಿಕಾರ್ ಎಂದು ಬರೆಯುವುದು ಸುಳ್ಳು. ಬರೆಯದೆ ಬಿಡುವುದು ಕೂಡ ತಪ್ಪು. ಅವುಗಳ ಬಣ್ಣ, ಗಾತ್ರ, ಮೇಯುವ ಜಾಗ, ಸಾಕುವವರು ಕರೆಯುವ ಹೆಸರು ಎಲ್ಲವೂ ಜೀವವೈವಿಧ್ಯ ದಾಖಲಾತಿಗೆ ಬರಲಿ.

ಕೆಲಸದ ಕ್ರಮ ಸರಳವಾದುದು. ತಳಿಯನ್ನು ನಿರ್ಧರಿಸುವ ಅಧಿಕಾರ ಸದಸ್ಯರದಲ್ಲ, ಪಶುವೈದ್ಯಾಧಿಕಾರಿಗಳ ಅಭಿಪ್ರಾಯ ಬೇಕು. ಆದರೆ ಕಂಡದ್ದನ್ನು ಕಂಡಂತೆ ಬರೆಸುವುದು ಪಂಚಾಯಿತಿಯ ಕೈಯಲ್ಲಿದೆ. ಮೈಬಣ್ಣವನ್ನು ರೈತರ ಮಾತಿನಲ್ಲಿಯೇ ಬರೆಯಲಿ. ಜೊತೆಯಲ್ಲಿ ಹಲ್ಲು, ಗಂಡೋ ಹೆಣ್ಣೋ, ಬೀಜ ಒಡೆಸಿದೆಯೋ ಇಲ್ಲವೋ, ತಾಯಿ ಯಾವುದು, ಹೋರಿಯಿಂದ ಕಟ್ಟಿದ್ದೋ ವೀರ್ಯನಳಿಕೆಯಿಂದಲೋ ಎಂಬುದೂ ಇರಲಿ. ಮುಖದ ಒಂದು ಚಿತ್ರ, ಪಕ್ಕದಿಂದ ಇನ್ನೊಂದು ಚಿತ್ರ ಸಾಕು. ಪಶುಸಖಿಯರು ಹಾಗೂ ಹಿರಿಯ ದನಗಾರರು ಜೊತೆಗಿದ್ದರೆ ಒಂದು ಗ್ರಾಮದ ಕೆಲಸ ಬೇಗ ಮುಗಿಯುತ್ತದೆ. ಹಳ್ಳಿಕಾರ್ ಎಂದು ದೃಢಪಟ್ಟ ಹಸುಗಳ ಸಂಖ್ಯೆ ಕೈಗೆ ಬಂದ ಮೇಲೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ಹಳ್ಳಿಕಾರ್ ವೀರ್ಯನಳಿಕೆಗೆ ಬೇಡಿಕೆ ಸಲ್ಲಿಸಬಹುದು. ತುಮಕೂರು ಜಿಲ್ಲೆಯ ಕುಣಿಕೇನಹಳ್ಳಿಯಲ್ಲಿ ಈ ತಳಿಗೆಂದೇ ಸರ್ಕಾರಿ ಸಂವರ್ಧನಾ ಕೇಂದ್ರವಿದೆ.

ದಾಖಲಾತಿಯು ಒಮ್ಮೆ ಬರೆದು ಮುಚ್ಚಿಡುವ ಪುಸ್ತಕವಲ್ಲ. ಕರುಗಳ ಬಣ್ಣದ ಕಲಂನಲ್ಲಿ ಎರಡನೆಯ ಸಲ ಬರೆಯಲು ಜಾಗ ಬಿಟ್ಟಿರಬೇಕು. ಎರಡು ಹಲ್ಲಾದ ಮೇಲೆ ಅದೇ ರಾಸುವನ್ನು ಮತ್ತೊಮ್ಮೆ ನೋಡಿ ತುಂಬಬೇಕು.