ಬಿರುದು ಹಲವರದು, ಹೆಸರು ಒಬ್ಬನದು



ಎರಡನೆಯ ಮಹಾಯುದ್ಧದಲ್ಲಿ ಬಿದ್ದ ವಿಮಾನಗಳ ಎಂಜಿನ್ ತುಂಡುಗಳನ್ನು ಗುರುತಿಸುವ ಮಾತನ್ನು ಮಸ್ಕಿಯ ಬಂಡೆಯಿಂದ ಆರಂಭಿಸುತ್ತೇನೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿ ಓದಿದಾಗ ಶಾಸನಗಳಲ್ಲಿ ಸಿಕ್ಕಿದ್ದು ‘ದೇವಾನಾಂಪಿಯ ಪಿಯದಸಿ’ ಎಂಬ ಬಿರುದು. ಸಿಂಹಳದಲ್ಲಿ ದೇವಾನಾಂಪಿಯ ತಿಸ್ಸನೆಂಬ ದೊರೆಯಿದ್ದ. ಶಾಸನಗಳ ದೊರೆ ಅವನೇ ಇರಬೇಕೆಂದು ಪ್ರಿನ್ಸೆಪ್ ಮೊದಲು ಎಣಿಸಿದ. ಪಾಲಿ ಗ್ರಂಥಗಳನ್ನು ಬಲ್ಲ ಜಾರ್ಜ್ ಟರ್ನರ್ ಆ ತಪ್ಪನ್ನು ತಿದ್ದಿದ. 1915ರಲ್ಲಿ ಮಸ್ಕಿಯ ಶಾಸನ ಬೆಳಕಿಗೆ ಬಂದಾಗ ‘ಅಶೋಕ’ ಎಂಬ ಹೆಸರೇ ಕಲ್ಲಿನ ಮೇಲೆ ಕಂಡಿತು. ಅದನ್ನು ಪತ್ತೆಹಚ್ಚಿದ ಸಿ. ಬೀಡನ್ ಪುರಾತತ್ವಜ್ಞನಲ್ಲ, ಚಿನ್ನದ ಗಣಿಗಾರಿಕೆಯ ಎಂಜಿನಿಯರ್. ಈ ಸಭೆಯಲ್ಲಿ ಇತಿಹಾಸ ಮತ್ತು ಮೆಕ್ಯಾನಿಕಲ್ ವಿಭಾಗದವರು ಅಕ್ಕಪಕ್ಕ ಕೂತಿರುವುದು ಈ ನೆಲಕ್ಕೆ ಹೊಸತೇನಲ್ಲ.

ಎಂಜಿನ್ ತುಂಡಿನ ಮೇಲೆ ಒತ್ತಿದ ಪಾರ್ಟ್ ನಂಬರ್ ಬಿರುದಿನಂಥದ್ದು, ಹೆಸರಲ್ಲ ಎಂಬುದೇ ನನ್ನ ವಾದ. ಸಿಂಧನೂರಿನ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. 6205 ಎಂಬ ಬೇರಿಂಗ್ ಕೈಗೆ ಸಿಕ್ಕರೆ ಅದರ ಒಳರಂಧ್ರ 25 ಮಿ.ಮೀ. ಎಂದು ಹುಡುಗನೂ ಹೇಳುತ್ತಾನೆ. ಅದು ಯಾವ ಮೋಟಾರಿನಿಂದ, ಯಾರ ಪಂಪ್‌ಸೆಟ್ಟಿನಿಂದ ಬಿತ್ತೆಂದು ಮುದುಕನೂ ಹೇಳಲಾರ. ಪ್ರಾಟ್ ಅಂಡ್ ವಿಟ್ನಿಯ ಆರ್-1830 ಎಂಜಿನ್ನನ್ನೇ ನೋಡಿ. ಎರಡು ಸುತ್ತಿನಲ್ಲಿ ಏಳೇಳರಂತೆ 14 ಸಿಲಿಂಡರ್, ಒಂದೊಂದರ ಒಳವ್ಯಾಸ ಸುಮಾರು 140 ಮಿ.ಮೀ. ಡಕೋಟಾ ಸಾಗಣೆ ವಿಮಾನಕ್ಕೂ ಲಿಬರೇಟರ್ ಬಾಂಬರಿಗೂ ನೀರಿನ ಮೇಲಿಳಿಯುವ ಕ್ಯಾಟಲಿನಾಕ್ಕೂ ಇದೇ ಎಂಜಿನ್ ಮನೆತನ. ಅಷ್ಟೇ ಅಲ್ಲ, ಪಿ-40 ಯುದ್ಧವಿಮಾನದ ಆಲಿಸನ್ ಎಂಜಿನ್ನಿನ ಒಳವ್ಯಾಸವೂ ಅಷ್ಟೇ. ಗಾಳಿಯಿಂದ ತಣಿಯುವ ಸಿಲಿಂಡರಿಗೆ ಸುತ್ತ ರೆಕ್ಕೆಗಳಿರುತ್ತವೆ, ದ್ರವದಿಂದ ತಣಿಯುವ ಆಲಿಸನ್ನಿಗೆ ಅವಿಲ್ಲ. ಇದನ್ನು ಗಮನಿಸದೆ ಕ್ಯಾಲಿಪರ್ ಒಂದನ್ನೇ ನಂಬಿದರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೇವೆ. ತಯಾರಕರ ಮುದ್ರೆಯೂ ಮೋಸ ಮಾಡುತ್ತದೆ. ಆರ್-1830ನ್ನು ಯುದ್ಧಕಾಲದಲ್ಲಿ ಬ್ಯೂಕ್, ಷೆವ್ರೊಲೆಯಂಥ ಕಾರು ಕಂಪನಿಗಳೂ ತಯಾರಿಸಿದವು. ಆ ಹೆಸರು ಕಂಡು ಕಾರಿನ ತುಂಡೆಂದು ಬಿಸಾಡಿದರೆ ಹೋಯಿತು.

ಸೀರಿಯಲ್ ನಂಬರ್ ಸಿಕ್ಕರೆ ಸಾಕಲ್ಲವೇ ಎನ್ನಬಹುದು. ಅರ್ಧ ಮಾತ್ರ ನಿಜ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಪಾಲುಗಾರಿಕೆಯಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನಾ ವಾಯುದಳದ ಉಸ್ತುವಾರಿಗೆ ಹೋಯಿತು. ವಿಮಾನಗಳೂ ಎಂಜಿನ್‌ಗಳೂ ಅಲ್ಲಿ ಓವರ್‌ಹಾಲ್‌ಗೆ ಬರುತ್ತಿದ್ದವು. ಓವರ್‌ಹಾಲ್ ಎಂದರೆ ಬಿಚ್ಚಿ, ತೊಳೆದು, ಸವೆದದ್ದನ್ನು ತೆಗೆದು ಬೇರೆಯದನ್ನು ಕೂರಿಸುವುದು. ಒಂದು ವಿಮಾನದಿಂದ ಇಳಿದ ಎಂಜಿನ್ ಇನ್ನೊಂದಕ್ಕೆ ಏರುವುದು. ಹಾಗಾಗಿ ಎಂಜಿನ್ ತಯಾರಿಸಿದ ಕಾರ್ಖಾನೆಯ ಮೊದಲ ದಾಖಲೆಯಿಂದ ವಿಮಾನ ಸಿಗುವುದಿಲ್ಲ. ಬಿದ್ದ ದಿನ ಅದಕ್ಕೆ ಯಾವ ಎಂಜಿನ್ ಇತ್ತೆಂಬುದು ಬೇಕು. ಅಮೆರಿಕದ ಸೇನೆ 1943ರಿಂದ ಬರೆಸಿದ ನಾಪತ್ತೆ ವರದಿಗಳ ನಮೂನೆಯಲ್ಲಿ ಎಂಜಿನ್ ಮತ್ತು ಮೆಷಿನ್‌ಗನ್ನಿನ ಸಂಖ್ಯೆಗಳಿಗೇ ಜಾಗವಿತ್ತು. ತುಂಡಿನ ಸಂಖ್ಯೆ, ಆ ವರದಿ, ಬಿದ್ದ ಜಾಗ ಈ ಮೂರೂ ಒಂದನ್ನೇ ಹೇಳಿದಾಗ ಹೆಸರು ಸಿಕ್ಕಿತೆನ್ನಬಹುದು. ಆದರೆ ಬೆಂಕಿ ಹತ್ತಿದ ವಿಮಾನದಲ್ಲಿ ಮೆಗ್ನೀಸಿಯಂ ಎರಕ ಉರಿದುಹೋಗುತ್ತದೆ, ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಉಕ್ಕಿನ ಕ್ರ್ಯಾಂಕ್ ಶಾಫ್ಟ್ ಉಳಿಯುತ್ತದೆ. ಹೆಚ್ಚು ಮಾತಾಡುವ ತೆಳು ನೇಮ್‌ಪ್ಲೇಟೇ ಮೊದಲು ಇಲ್ಲವಾಗುವುದು. ಆಗ ಉಳಿಯುವ ಗಟ್ಟಿ ಸಾಕ್ಷಿ ಜಾಗವೊಂದೇ.

ಜಾಗದಿಂದ ಎತ್ತದಿದ್ದರೆ ಗುಜರಿಯವರು ಒಯ್ಯುತ್ತಾರೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಕದಲಿಸುವ ಮೊದಲು ಅಳತೆಪಟ್ಟಿ ಇಟ್ಟು ನಾಲ್ಕು ಕಡೆಯಿಂದ ಫೋಟೋ ತೆಗೆದು, ಅಕ್ಷಾಂಶ ರೇಖಾಂಶ ಬರೆದುಕೊಳ್ಳಲು ಮೊಬೈಲ್ ಸಾಕು. ಅದನ್ನೂ ಮಾಡದೆ ಹೊತ್ತು ತಂದವರಿಗೂ ಗುಜರಿಯವರಿಗೂ ಇರುವ ವ್ಯತ್ಯಾಸ ಉದ್ದೇಶದಲ್ಲಿ ಮಾತ್ರ. ಇನ್ನೊಂದು ಆಕ್ಷೇಪ ಕಾನೂನಿನದು: 1972ರ ಪುರಾವಸ್ತು ಕಾಯ್ದೆ ಸಾಮಾನ್ಯವಾಗಿ ನೂರು ವರ್ಷ ಕೇಳುತ್ತದೆ, ಈ ತುಂಡುಗಳಿಗೆ ಎಂಬತ್ತರ ಆಸುಪಾಸು. ವಯಸ್ಸು ಕಡಿಮೆಯಾದಷ್ಟೂ ಎಚ್ಚರ ಹೆಚ್ಚಬೇಕು, ಯಾಕೆಂದರೆ ವಿಮಾನ ಬಿದ್ದ ಜಾಗಗಳಲ್ಲಿ ಹಲವು ಸಮಾಧಿಗಳು. ಅಸ್ಸಾಮಿನಿಂದ ಚೀನಾಕ್ಕೆ ಹಿಮಾಲಯದ ಮೇಲೆ ಹಾರುತ್ತಿದ್ದ ಸಾಗಣೆ ಮಾರ್ಗದಲ್ಲಿ ಐನೂರಕ್ಕೂ ಹೆಚ್ಚು ವಿಮಾನಗಳು ನಾಶವಾದವು. 1944ರ ಜನವರಿ 25ರಂದು ಅರುಣಾಚಲದ ಬೆಟ್ಟದಲ್ಲಿ ಬಿದ್ದ ‘ಹಾಟ್ ಆ್ಯಸ್ ಹೆಲ್’ ಎಂಬ ಲಿಬರೇಟರ್ ಪತ್ತೆಯಾದದ್ದು 2006ರಲ್ಲಿ. ಅರವತ್ತು ವರ್ಷ ಕಾದ ಮನೆಯವರ ಮುಂದೆ ‘ಇದು ನಿಮ್ಮವರ ವಿಮಾನವೇ’ ಎನ್ನಲು ಒಂದು ಸಿಲಿಂಡರಿನ ಅಳತೆ ಸಾಲದು.

ರಾಯಚೂರು ಜಿಲ್ಲೆಗೂ ಇದಕ್ಕೂ ಏನು ನಂಟು ಎಂಬ ಪ್ರಶ್ನೆ ಹೊರಗೆ ಕೇಳಿಬರುತ್ತಿದೆ. ಬಿದ್ದ ವಿಮಾನ ನಮ್ಮ ಹೊಲದಲ್ಲಿರಬೇಕಿಲ್ಲ. ಲಿಂಗಸುಗೂರಿನ ಪಿಕ್ಲಿಹಾಳದಲ್ಲಿ ಪುರಾತತ್ವಜ್ಞ ಆಲ್ಚಿನ್, ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ಮಣ್ಣಿನ ಪದರ ನೋಡಿ ವಸ್ತುವಿನ ಕಾಲ ನಿರ್ಣಯಿಸಿದ ಕ್ರಮ ಇಲ್ಲಿನದೇ. ಬಿಡಿಭಾಗ ಮುಟ್ಟಿ ಅದರ ಕುಲ ಹೇಳುವ ಕೈಗಳು ಹಟ್ಟಿ ಚಿನ್ನದ ಗಣಿಯಲ್ಲೂ ಅಕ್ಕಿ ಗಿರಣಿಗಳಲ್ಲೂ ಇವೆ. ಈ ಎರಡು ತಿಳಿವಳಿಕೆಗಳನ್ನು ಒಂದು ನಮೂನೆಯಲ್ಲಿ ಕೂರಿಸುವುದು ಎರಡು ದಿನಗಳ ಈ ಸಭೆಯ ಕೆಲಸ. ನನ್ನ ಸೂಚನೆ ಇಷ್ಟೇ: ಪ್ರತಿ ತುಂಡಿನ ಚೀಟಿಯಲ್ಲಿ ‘ಕಂಡದ್ದು’, ‘ಊಹಿಸಿದ್ದು’ ಎಂಬ ಎರಡು ಕಾಲಂ ಇರಲಿ, ವಿಮಾನದ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆಯೋಣ.